ಕೈ ಬೀಸಬೇಕಾ, ಬಟನ್ ಒತ್ತಿದರೆ ಸಾಕಾ? ನಿಮ್ಮ ಹಾಲ್‌ನಲ್ಲೇ ಪರೀಕ್ಷೆ ಮಾಡಿ

ದಸರಾ ರಜೆಗೆ ಮಂಡ್ಯದಿಂದ ಚಿಕ್ಕಪ್ಪನ ಮಕ್ಕಳು ಬಂದಿದ್ದರು. ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಹಾಲ್ ಅಷ್ಟೇನೂ ದೊಡ್ಡದಲ್ಲ, ಅದರಲ್ಲಿ ಅರ್ಧ ಜಾಗ ಗೊಂಬೆ ಕೂರಿಸಿದ ಮೆಟ್ಟಿಲಿಗೇ ಹೋಗಿತ್ತು. ಉಳಿದ ಅರ್ಧದಲ್ಲಿ ಟಿವಿ, ದಿವಾನ, ನಾವು ಐದು ಜನ. ಅಟ್ಟದ ಮೇಲಿದ್ದ ಹಳೇ ವೀ ಕನ್ಸೋಲ್ (ರಿಮೋಟ್ ಬೀಸಿ ಆಡುವ ನಿಂಟೆಂಡೊ ಕಂಪನಿಯ ಗೇಮ್ ಯಂತ್ರ) ಇಳಿಸಿ ಬೌಲಿಂಗ್ ಆಡೋಣ ಅಂತ ಹಾಕಿದರೆ, ಆಟಗಾರರನ್ನು ಆರಿಸುವ ಮೆನುವಿನಲ್ಲೇ ಪರದೆ ಮೇಲಿನ ಕೈ ಗುರುತು ದೆವ್ವ ಹಿಡಿದ ಹಾಗೆ ಕುಣಿಯತೊಡಗಿತು. ಬ್ಯಾಟರಿ ಬದಲಾಯಿಸಿದೆವು. ರಿಮೋಟ್ ಬದಲಾಯಿಸಿದೆವು. ಕನ್ಸೋಲ್ ಆಫ್ ಮಾಡಿ ಆನ್ ಮಾಡಿದೆವು. ಊಹೂಂ.

ಕಾರಣ ಟಿವಿ ಪಕ್ಕದಲ್ಲೇ ಇತ್ತು. ಗೊಂಬೆಗಳ ಮುಂದೆ ಅಮ್ಮ ಹಚ್ಚಿಟ್ಟಿದ್ದ ಎರಡು ದೀಪ!

ವೀ ರಿಮೋಟ್‌ನ ಮೂತಿಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇದೆ. ಅದಕ್ಕೆ ಕಾಣುವುದು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಮಾತ್ರ. ಟಿವಿ ಮೇಲಿಡುವ ಉದ್ದನೆ ಪಟ್ಟಿಗೆ ಎಲ್ಲರೂ ಸೆನ್ಸರ್ ಬಾರ್ ಅಂತಾರಲ್ಲ, ಅದರೊಳಗೆ ಸೆನ್ಸರೇ ಇಲ್ಲ. ಎರಡು ತುದಿಯಲ್ಲಿ ಇನ್‌ಫ್ರಾರೆಡ್ ಎಲ್‌ಇಡಿಗಳು, ಅಷ್ಟೇ. ಆ ಎರಡು ಬೆಳಕಿನ ಚುಕ್ಕಿ ಎಲ್ಲಿ ಕಾಣುತ್ತಿವೆ ಅಂತ ನೋಡಿ ರಿಮೋಟ್ ಎತ್ತ ಮುಖ ಮಾಡಿದೆ ಅಂತ ಲೆಕ್ಕ ಹಾಕಲಾಗುತ್ತದೆ. ಎಣ್ಣೆ ದೀಪದಿಂದಲೂ ಇನ್‌ಫ್ರಾರೆಡ್ ಬರುತ್ತದೆ. ಹಾಗಾಗಿ ನಮ್ಮ ರಿಮೋಟ್‌ಗೆ ಎರಡರ ಜಾಗದಲ್ಲಿ ನಾಲ್ಕು ಚುಕ್ಕಿ ಕಂಡವು, ಪಾಪ ಅದೇನು ಮಾಡೀತು. ಇದೇ ಕಾರಣಕ್ಕೆ ಸೆನ್ಸರ್ ಬಾರ್ ಕೆಟ್ಟಾಗ ಅದರ ಜಾಗದಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟು ಆಡಿದವರೂ ಇದ್ದಾರೆ. ನಾನೂ ಒಮ್ಮೆ ಮಾಡಿ ನೋಡಿದ್ದೇನೆ, ನಡೆಯುತ್ತದೆ. ದೀಪ ಆರಿಸುವ ಮಾತು ಅಮ್ಮನ ಹತ್ತಿರ ಎತ್ತುವ ಹಾಗಿರಲಿಲ್ಲ, ಟಿವಿಯನ್ನೇ ಎದುರು ಗೋಡೆಗೆ ಸರಿಸಿದೆವು.

ಅವತ್ತು ರಾತ್ರಿ ತಮ್ಮ ಒಂದು ಪ್ರಶ್ನೆ ಕೇಳಿದ. "ಅಣ್ಣಾ, ಇಷ್ಟೆಲ್ಲ ಒದ್ದಾಟ ಯಾಕೆ? ಬಟನ್ ಒತ್ತಿ ಆಡಿದ್ರೆ ಆಗಲ್ವಾ?" ಸರಿಯಾದ ಪ್ರಶ್ನೆಯೇ. ಉತ್ತರ ಒಂದೇ ಅಲ್ಲ, ಗೇಮ್‌ನಿಂದ ಗೇಮ್‌ಗೆ ಬೇರೆ. ಅದನ್ನು ನೀವೇ ಕಂಡುಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಈ ಒಂದು ಪ್ರಶ್ನೆ ಕೇಳಿ

ಗೇಮ್ ಹಾಕಿ. ಅದು ನಿಮ್ಮನ್ನು ಎಲ್ಲೆಲ್ಲಿ ಕೈ ಅಲುಗಿಸು ಅನ್ನುತ್ತದೆ ನೋಡಿ. ಆ ಅಲುಗಾಟದ ಬದಲು ಅಲ್ಲೊಂದು ಬಟನ್ ಇಟ್ಟಿದ್ದರೆ ಆಟದಲ್ಲಿ ಏನಾದರೂ ಕಡಿಮೆ ಆಗುತ್ತಿತ್ತಾ? ಇಲ್ಲ ಅಂದರೆ ಆ ಮೋಷನ್ ಕಂಟ್ರೋಲ್, ಅಂದರೆ ಕೈ ಮೈ ಅಲುಗಿಸಿ ಆಡಿಸುವ ವ್ಯವಸ್ಥೆ, ಸುಮ್ನೆ ಇದೆ, ಆಫ್ ಮಾಡುವ ದಾರಿ ಇದ್ದರೆ ಆಫ್ ಮಾಡಿ. ಎಷ್ಟು ಬೀಸಿದೆ, ಯಾವ ಕಡೆಗೆ, ಎಷ್ಟು ಓರೆಯಾಗಿ ಅನ್ನುವುದೆಲ್ಲ ಆಟಕ್ಕೆ ಬೇಕಾಗಿದ್ದರೆ ಮಾತ್ರ ಅದಕ್ಕೆ ಬೆಲೆ. ಬಟನ್‌ಗೆ ಹೌದು, ಇಲ್ಲ ಎರಡೇ ಗೊತ್ತು. ಕೈಗೆ ಇನ್ನೂ ಜಾಸ್ತಿ ಗೊತ್ತು.

2010ರಲ್ಲಿ ವೀಗೆ ಬಂದ ಡಾಂಕಿ ಕಾಂಗ್ ಕಂಟ್ರಿ ರಿಟರ್ನ್ಸ್‌ನಲ್ಲಿ ಕೋತಿ ಉರುಳಬೇಕು ಅಂದರೆ ರಿಮೋಟ್ ಕೊಡವಬೇಕು. ಎಷ್ಟು ಜೋರಾಗಿ ಕೊಡವಿದರೂ ಅಷ್ಟೇ ಉರುಳುತ್ತದೆ. ಅಂದ ಮೇಲೆ ಅದು ಬಟನ್ ಮಾಡಬೇಕಿದ್ದ ಕೆಲಸ. ಸಾಲದ್ದಕ್ಕೆ ಬಟನ್‌ಗಿಂತ ತಡ, ಹಾಗಾಗಿ ಪ್ರಪಾತದ ಅಂಚಿನಲ್ಲಿ ಉರುಳಿ ಜಿಗಿಯಬೇಕಾದ ಕಡೆಯಲ್ಲೆಲ್ಲ ಪ್ರಾಣ ಹೋಗುತ್ತದೆ. 2013ರಲ್ಲಿ ಅದೇ ಗೇಮ್ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ 3ಡಿಎಸ್‌ಗೆ ಬಂದಾಗ ಉರುಳುವುದಕ್ಕೆ ಬಟನ್ ಇತ್ತು. ಏನೂ ಕಡಿಮೆ ಆಗಲಿಲ್ಲ, ಇನ್ನೂ ಸಲೀಸಾಯಿತು. ಪ್ಲೇಸ್ಟೇಷನ್ 3ರ (ಪಿಎಸ್3) ಲೇರ್ ಅಂತೂ ಇನ್ನೊಂದು ಹೆಜ್ಜೆ ಮುಂದೆ. 2007ರ ಗೇಮ್ ಅದು, ಡ್ರ್ಯಾಗನ್ ಮೇಲೆ ಕೂತು ಹಾರಬೇಕು, ಕಂಟ್ರೋಲರ್ ಓರೆ ಮಾಡಿಯೇ ಹಾರಿಸಬೇಕು, ಬೇರೆ ದಾರಿ ಇರಲಿಲ್ಲ. ಜನ ಬೈದರು. ಮರುವರ್ಷ ಕಂಟ್ರೋಲರ್ ಮೇಲೆ ಹೆಬ್ಬೆರಳಿನಿಂದ ತಳ್ಳುವ ಸ್ಟಿಕ್‌ನಿಂದ ಹಾರಿಸುವ ಆಯ್ಕೆಯನ್ನು ಅಪ್‌ಡೇಟ್‌ನಲ್ಲಿ ಕೊಡಬೇಕಾಯಿತು.

ಈಗ ಬೌಲಿಂಗ್ ತೆಗೆದುಕೊಳ್ಳಿ. ಕೈ ಹಿಂದಕ್ಕೆ ಹೋಗಿ ಮುಂದಕ್ಕೆ ಬರುವಾಗ ಬಟನ್ ಬಿಟ್ಟರೆ ಚೆಂಡು ಹೋಗುತ್ತದೆ. ಮಣಿಕಟ್ಟು ಸ್ವಲ್ಪ ತಿರುಗಿದರೆ ಚೆಂಡೂ ವಾಲುತ್ತದೆ. ನಮ್ಮ ಅಜ್ಜಿಗೆ ಕಂಟ್ರೋಲರ್ ಕೊಟ್ಟು "ಎ ಒತ್ತು, ಎಡಗಡೆ ಸ್ಟಿಕ್ ತಳ್ಳು" ಅಂದರೆ ಕನ್ನಡಕ ಹುಡುಕುವುದರಲ್ಲೇ ಸಂಜೆ ಕಳೆಯುತ್ತದೆ. ರಿಮೋಟ್ ಕೊಟ್ಟು "ಅಜ್ಜಿ, ಗೋಲಿ ಉರುಳಿಸಿದ ಹಾಗೆ ಬೀಸು" ಅಂದೆ. ಎರಡನೇ ಸಲಕ್ಕೆ ಏಳು ಪಿನ್ ಬಿತ್ತು. ವೀ 10 ಕೋಟಿಗೂ ಹೆಚ್ಚು ಮಾರಾಟವಾಗಿದ್ದು ಸುಮ್ನೆ ಅಲ್ಲ.

ಒಂದು ಎಚ್ಚರಿಕೆ. ಮೊದಲ ದಿನದ ಖುಷಿ ನಂಬಬೇಡಿ. ಮೊದಲ ದಿನ ಎಲ್ಲರೂ ಎದ್ದು ನಿಂತು ಕೈ ಪೂರ್ತಿ ಬೀಸಿ ಟೆನ್ನಿಸ್ ಆಡುತ್ತಾರೆ. ಒಂದು ವಾರ ಬಿಟ್ಟು ನೋಡಿ, ದಿವಾನದ ಮೇಲೆ ಒರಗಿ, ಒಂದು ಕೈಯಲ್ಲಿ ಕೋಡುಬಳೆ ಹಿಡಿದು, ಇನ್ನೊಂದು ಕೈಯ ಮಣಿಕಟ್ಟು ಮಾತ್ರ ಚಟ್ ಅಂತ ಆಡಿಸಿ ಗೆಲ್ಲುತ್ತಿರುತ್ತಾರೆ. ಪರೀಕ್ಷೆ ಮಾಡಬೇಕಾದ್ದು ಆ ವಾರದ ಮೇಲೆ. ಆಗಲೂ ಎದ್ದು ನಿಲ್ಲಬೇಕು ಅನಿಸಿದರೆ ಅದು ಒಳ್ಳೆಯ ಮೋಷನ್ ಗೇಮ್.

ಒಳಗೆ ಏನಿದೆ ಅಂತ ಸ್ವಲ್ಪ

ಇದು ಗೊತ್ತಿದ್ದರೆ ಅರ್ಧ ತೊಂದರೆ ತಾನಾಗೇ ಬಗೆಹರಿಯುತ್ತದೆ. ಕಂಟ್ರೋಲರ್ ಒಳಗೆ ಸಾಮಾನ್ಯವಾಗಿ ಎರಡು ಬಗೆಯ ಸೆನ್ಸರ್ ಇರುತ್ತವೆ. ಆಕ್ಸೆಲರೋಮೀಟರ್‌ಗೆ ಜಗ್ಗಾಟ ಮತ್ತು ಭೂಮಿಯ ಸೆಳೆತ ಗೊತ್ತಾಗುತ್ತದೆ, ಅಂದರೆ ಕೆಳಗೆ ಯಾವುದು, ಈಗ ಜೋರಾಗಿ ಬೀಸಿದರಾ ಅನ್ನುವುದು. ಜೈರೋಸ್ಕೋಪ್‌ಗೆ ತಿರುಗುವಿಕೆ ಗೊತ್ತಾಗುತ್ತದೆ. 2006ರಲ್ಲಿ ಬಂದ ವೀ ರಿಮೋಟ್‌ನಲ್ಲಿ ಜೈರೋ ಇರಲೇ ಇಲ್ಲ, ಅದಕ್ಕೇ ಆ ಚಟ್ ಅನ್ನುವ ಮಣಿಕಟ್ಟಿನ ಮೋಸ ನಡೆಯುತ್ತಿತ್ತು. ಬೀಸಿದ್ದು ಗೊತ್ತಾಗುತ್ತಿತ್ತು, ಹೇಗೆ ಬೀಸಿದರು ಅನ್ನುವುದು ಸರಿಯಾಗಿ ಗೊತ್ತಾಗುತ್ತಿರಲಿಲ್ಲ. 2009ರಲ್ಲಿ ಮೋಷನ್‌ಪ್ಲಸ್ ಅನ್ನುವ ಪುಟ್ಟ ತುಂಡನ್ನು ರಿಮೋಟ್ ಬುಡಕ್ಕೆ ಸಿಕ್ಕಿಸುವ ಹಾಗೆ ಮಾರಿದರು, ಜೈರೋ ಅದರಲ್ಲಿತ್ತು. ಸೆಕೆಂಡ್ ಹ್ಯಾಂಡ್ ರಿಮೋಟ್ ಕೊಳ್ಳುವವರು ಇದನ್ನು ನೋಡಿ ಕೊಳ್ಳಿ. 2011ರ ಜೆಲ್ಡಾ ಸ್ಕೈವರ್ಡ್ ಸ್ವೋರ್ಡ್‌ನಂಥ ಗೇಮ್ ಅದಿಲ್ಲದೆ ನಡೆಯುವುದೇ ಇಲ್ಲ.

ಜೈರೋಗೆ ಒಂದು ದೋಷ ಇದೆ. ಅದು ಅಳೆಯುವುದು ತಿರುಗುವ ವೇಗವನ್ನು. ಅದನ್ನು ಕೂಡುತ್ತಾ ಹೋಗಿ ಈಗ ಎಷ್ಟು ತಿರುಗಿದ್ದೇವೆ ಅಂತ ಲೆಕ್ಕ ಮಾಡಬೇಕು. ಹಾಲಿನ ಲೆಕ್ಕದಲ್ಲಿ ದಿನಕ್ಕೆ ಒಂದು ರೂಪಾಯಿ ತಪ್ಪಿದರೆ ತಿಂಗಳ ಕೊನೆಗೆ 30 ರೂಪಾಯಿ ಜಗಳ ಆಗುತ್ತದಲ್ಲ, ಇಲ್ಲೂ ಹಾಗೇ. ಚಿಕ್ಕ ತಪ್ಪು ಕೂಡಿ ಕೂಡಿ ಗುರಿ ಮೆಲ್ಲಗೆ ಒಂದು ಕಡೆಗೆ ಜಾರುತ್ತದೆ. ಆಗ ಕಂಟ್ರೋಲರನ್ನು ಸಮತಟ್ಟಾದ ಮೇಜಿನ ಮೇಲೆ ಅಲುಗಾಡದ ಹಾಗೆ ಇಟ್ಟು ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಅದರ ಲೆಕ್ಕವನ್ನು ಮತ್ತೆ ಸರಿಹೊಂದಿಸಬೇಕು. ನಿಂಟೆಂಡೊ ಸ್ವಿಚ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ ಒಳಗೆ ಕಂಟ್ರೋಲರ್ಸ್ ಆ್ಯಂಡ್ ಸೆನ್ಸರ್ಸ್ ಅಂತ ಇದೆ, ಅಲ್ಲಿ ಕ್ಯಾಲಿಬ್ರೇಟ್ ಮೋಷನ್ ಕಂಟ್ರೋಲ್ಸ್ ಸಿಗುತ್ತದೆ. ಹಾಸಿಗೆ ಮೇಲೆ, ತೊಡೆ ಮೇಲೆ ಇಟ್ಟು ಮಾಡಬೇಡಿ. ಟಿವಿ ಸ್ಟ್ಯಾಂಡಿನಲ್ಲಿ ವಾಲ್ಯೂಮ್ ಜೋರಾಗಿರುವ ಸ್ಪೀಕರ್ ಪಕ್ಕದಲ್ಲೂ ಬೇಡ, ನಡುಗುತ್ತದೆ.

ಹಾಲ್ ಸಿದ್ಧ ಮಾಡುವುದು

ಮೊದಲು ಟಿವಿಯ ಪಿಕ್ಚರ್ ಮೆನುವಿಗೆ ಹೋಗಿ ಗೇಮ್ ಮೋಡ್ ಹಾಕಿ. ಈಗಿನ ಟಿವಿಗಳು ಚಿತ್ರವನ್ನು ಚಂದ ಮಾಡುವುದಕ್ಕೆ ಅಂತ ಹಿಡಿದಿಟ್ಟುಕೊಂಡು ತಡವಾಗಿ ತೋರಿಸುತ್ತವೆ. ಸೀರಿಯಲ್ ನೋಡುವಾಗ ಅದು ಗೊತ್ತಾಗುವುದಿಲ್ಲ. ಕೈ ಬೀಸಿ ಆಡುವಾಗ ಮಾತ್ರ ನಿಮ್ಮ ಕೈ ಮುಂದೆ, ಪರದೆಯ ಕೈ ಹಿಂದೆ, ಭಜನೆಯಲ್ಲಿ ತಾಳ ತಪ್ಪಿದ ಹಾಗೆ. ಎಷ್ಟೋ ಜನ ಮೋಷನ್ ಕಂಟ್ರೋಲ್ ದಂಡ ಅಂತ ಬಿಟ್ಟಿದ್ದು ಈ ಒಂದು ಸೆಟ್ಟಿಂಗ್‌ನಿಂದಲೇ ಅಂತ ನನ್ನ ಗುಮಾನಿ.

ಆಮೇಲೆ ಕಿಟಕಿ. ನಮ್ಮದು ಪಶ್ಚಿಮದ ಕಿಟಕಿ. ಸಂಜೆ ನಾಲ್ಕರ ಮೇಲೆ ಬಿಸಿಲು ನೇರ ಒಳಗೆ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಬೇಕಾದಷ್ಟಿದೆ, ವೀ ರಿಮೋಟ್‌ಗೂ, ಮೈ ಅಲುಗಾಟ ನೋಡುವ ಎಕ್ಸ್‌ಬಾಕ್ಸ್‌ನ ಕಿನೆಕ್ಟ್ ಕ್ಯಾಮೆರಾಗೂ ಅದು ಶತ್ರು. ಕರ್ಟನ್ ಎಳೆಯಿರಿ. ಹಳೇ ಕಾಲದ ಬಿಸಿಯಾಗುವ ಬಲ್ಬ್ ಇದ್ದರೆ ಅದೂ ಟಿವಿ ಪಕ್ಕ ಬೇಡ. ಜೈರೋ ಮಾತ್ರ ಬಳಸುವ ಗೇಮ್ ಆದರೆ ಬೆಳಕಿನ ಚಿಂತೆ ಇಲ್ಲ, ಕತ್ತಲಲ್ಲೂ ಆಡಬಹುದು.

ಕೈಗೆ ಪಟ್ಟಿ ಹಾಕಿಕೊಳ್ಳಿ. ವೀ ಬಂದ ಹೊಸದರಲ್ಲಿ ಪಟ್ಟಿ ಕಿತ್ತು ರಿಮೋಟ್ ಹಾರಿ ಟಿವಿಗಳು ಒಡೆದು, ನಿಂಟೆಂಡೊ ದಪ್ಪ ಪಟ್ಟಿ ಬದಲಾಯಿಸಿ ಕೊಟ್ಟಿತ್ತು. ಮದ್ದೂರು ವಡೆ ತಿಂದ ಕೈಯನ್ನು ಸೋಪು ಹಾಕಿ ತೊಳೆದು ಬನ್ನಿ, ಎಣ್ಣೆ ಕೈಗಿಂತ ದೊಡ್ಡ ಅಪಾಯ ಇಲ್ಲ. ತಲೆ ಮೇಲೆ ಫ್ಯಾನ್ ನೋಡಿಕೊಳ್ಳಿ. ಗೊಂಬೆ ಕೂರಿಸಿದ ಮನೆಯಾದರೆ ಪಟ್ಟದ ಗೊಂಬೆಯಿಂದ ಎರಡು ಕೈ ದೂರ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ, ಶೆಟ್ಟಿ ಗೊಂಬೆಯ ಅಂಗಡಿಯಲ್ಲಿ ಒಂದು ಬೇಳೆ ಡಬ್ಬ ಕಡಿಮೆಯಾಗಿದೆ.

ನಿಜವಾದ ಲಾಭ ಎಲ್ಲಿ ಅಂದರೆ, ಗುರಿ ಇಡುವಲ್ಲಿ

ಈ ಭಾಗಕ್ಕೆ ಸಮಯ ಕೊಡಿ. ಕೈ ಬೀಸುವ ಆಟ ನೋಡುವವರಿಗೆ ಚಂದ. ಆಟಗಾರನಿಗೆ ದಿನಾ ಉಪಯೋಗಕ್ಕೆ ಬರುವುದು ಮಾತ್ರ ಸಣ್ಣ ಅಲುಗಾಟ. ಬಿಲ್ಲು, ಬಂದೂಕು ಇರುವ ಗೇಮ್‌ನಲ್ಲಿ ಹೆಬ್ಬೆರಳಿನಿಂದ ಸ್ಟಿಕ್ ತಳ್ಳಿ ಗುರಿ ಇಟ್ಟರೆ ಒಂದೋ ಆಚೆ ಹೋಗುತ್ತದೆ, ಇಲ್ಲಾ ಈಚೆ ನಿಲ್ಲುತ್ತದೆ. ಅದಕ್ಕೇ ಎಷ್ಟೋ ಗೇಮ್‌ಗಳು ಕಳ್ಳತನದಲ್ಲಿ ಗುರಿಯನ್ನು ಶತ್ರುವಿನ ಕಡೆ ಎಳೆದುಕೊಡುತ್ತವೆ. ಜೈರೋ ಇದ್ದರೆ ಆ ಸಹಾಯದ ಅಗತ್ಯ ಕಡಿಮೆ. ಮಣಿಕಟ್ಟು ಕೂದಲೆಳೆಯಷ್ಟು ತಿರುಗಿದರೂ ಗುರಿ ಅಷ್ಟೇ ತಿರುಗುತ್ತದೆ.

ಕಲಿಯುವುದು ಹೀಗೆ. ದೊಡ್ಡ ತಿರುವು ಸ್ಟಿಕ್‌ನಿಂದ, ಕೊನೆಯ ಸಣ್ಣ ತಿದ್ದುಪಡಿ ಜೈರೋದಿಂದ. ಇದೊಂದು ತಲೆಗೆ ಹೋದರೆ ಮುಕ್ಕಾಲು ಕಲಿತ ಹಾಗೆ. ಎಲ್ಲವನ್ನೂ ಜೈರೋದಿಂದಲೇ ಮಾಡಲು ಹೋದವರು ಹಿಂದಿನ ಶತ್ರುವನ್ನು ನೋಡುವುದಕ್ಕೆ ದಿವಾನದ ಮೇಲೆ ತಿರುಗಿ ಕೂರುತ್ತಾರೆ. ಜೆಲ್ಡಾ ಬ್ರೆತ್ ಆಫ್ ದಿ ವೈಲ್ಡ್ ಇದ್ದರೆ ಅದರಿಂದ ಶುರು ಮಾಡಿ, ಅದರಲ್ಲಿ ಜೈರೋ ಹೆಚ್ಚಾಗಿ ಕೆಲಸ ಮಾಡುವುದು ಬಿಲ್ಲು ಎಳೆದು ಗುರಿ ಇಡುವಂಥ ಹೊತ್ತಿನಲ್ಲಿ, ಉಳಿದ ಬಹುಪಾಲು ಹೊತ್ತು ಕೈ ಹೇಗಿದ್ದರೂ ನಡೆಯುತ್ತದೆ. ಅಭ್ಯಾಸ ಆದ ಮೇಲೆ ಸ್ಪ್ಲಾಟೂನ್‌ಗೆ ಹೋಗಿ, ಅಲ್ಲಿ ಯಾವಾಗಲೂ ಆನ್. ಅದರಲ್ಲಿ ಸ್ಟಿಕ್‌ಗೆ ಬೇರೆ, ಮೋಷನ್‌ಗೆ ಬೇರೆ ಸೆನ್ಸಿಟಿವಿಟಿ (ಅಲುಗಾಟಕ್ಕೆ ಗುರಿ ಎಷ್ಟು ಬೇಗ ತಿರುಗಬೇಕು ಅನ್ನುವ ಅಳತೆ) ಇದೆ, ಮೈನಸ್ 5ರಿಂದ ಪ್ಲಸ್ 5ರವರೆಗೆ. ಸೊನ್ನೆಯಲ್ಲಿ ಶುರು ಮಾಡಿ. ಗುರಿ ನಡುಗುತ್ತಿದ್ದರೆ ಒಂದು ಇಳಿಸಿ, ಕೈ ನೋಯುತ್ತಿದ್ದರೆ ಒಂದು ಏರಿಸಿ. ಗುರಿ ಎತ್ತಲೋ ಹೋದಾಗ ವೈ ಬಟನ್ ಒತ್ತಿದರೆ ನೋಟ ಸರಿಯಾಗುತ್ತದೆ. ಮೊಣಕೈಯನ್ನು ತೊಡೆ ಮೇಲೆ ಇಲ್ಲಾ ದಿಂಬಿನ ಮೇಲೆ ಊರಿ, ಗಾಳಿಯಲ್ಲಿ ಹಿಡಿಯಬೇಡಿ.

ಮೊದಲ ಎರಡು ಮೂರು ದಿನ ನಿಮಗೆ ಮೊದಲಿಗಿಂತ ಕೆಟ್ಟದಾಗಿ ಆಡುತ್ತಿದ್ದೀರಿ ಅನಿಸುತ್ತದೆ. ಅದು ಸಹಜ, ಸೈಕಲ್ ಬಿಟ್ಟು ಸ್ಕೂಟರ್ ಹತ್ತಿದ ಹಾಗೆ. ಇಲ್ಲೇ ಬಹಳ ಜನ ಆಫ್ ಮಾಡಿಬಿಡುವುದು. ನಾನೂ ಮಾಡಿದ್ದೆ, ಆರು ತಿಂಗಳು ವ್ಯರ್ಥ. ಒಂದು ವಾರ ತಡೆಯಿರಿ, ಆಮೇಲೆ ಆಫ್ ಮಾಡಿ ಒಂದು ಗಂಟೆ ಆಡಿ ನೋಡಿ. ಕೈ ತಾನಾಗೇ ತಿರುಗುತ್ತಿದ್ದರೆ, ಗುರಿ ಯಾಕೆ ಬರುತ್ತಿಲ್ಲ ಅಂತ ಸಿಟ್ಟು ಬಂದರೆ, ನಿಮಗೆ ಉತ್ತರ ಸಿಕ್ಕಿತು.

ಪಿಎಸ್4, ಪಿಎಸ್5 ಕಂಟ್ರೋಲರ್‌ಗಳಲ್ಲೂ ಜೈರೋ ಇದೆ. ಗೇಮ್ ಅದನ್ನು ಬಳಸಬೇಕು ಅಷ್ಟೇ, ಫೋರ್ಟ್‌ನೈಟ್ ಬಳಸುತ್ತದೆ, ಎಷ್ಟೋ ಗೇಮ್‌ಗಳು ಆಯ್ಕೆಯನ್ನೇ ಕೊಟ್ಟಿಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಜೊತೆ ಬರುವ ಕಂಟ್ರೋಲರ್‌ನಲ್ಲಿ ಜೈರೋ ಇಲ್ಲ, ಹಾಗಾಗಿ ಆ ಮನೆಯವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು.

ಇನ್ನೊಂದು. ಸ್ವಿಚ್ ಕೈಯಲ್ಲಿ ಹಿಡಿದು ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗುವಾಗ ಮೋಷನ್ ಆಫ್ ಮಾಡಿಕೊಳ್ಳಿ. ಶ್ರೀರಂಗಪಟ್ಟಣದ ಹತ್ತಿರ ಬಸ್ ತಿರುಗಿದರೆ ಜೈರೋಗೆ ನೀವೇ ತಿರುಗಿದ ಹಾಗೆ, ಬಾಣ ಕಾವೇರಿ ಪಾಲು.

ಕ್ಯಾಮೆರಾ ಎದುರು ಕುಣಿಯುವುದು

ಕ್ಯಾಮೆರಾ ನೋಡಿ ಆಡುವ ಆಟ ಹೊಸದಲ್ಲ, 2003ರಲ್ಲೇ ಪಿಎಸ್2ಗೆ ಐಟಾಯ್ ಇತ್ತು. ಹೆಸರು ಮಾಡಿದ್ದು ಕಿನೆಕ್ಟ್. 2010ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360ಗೆ ಬಂತು, ಮೊದಲ 60 ದಿನದಲ್ಲಿ 80 ಲಕ್ಷ ಹೋಯಿತು, ಗಿನ್ನೆಸ್ ದಾಖಲೆ. ಅದು ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕಿಗಳನ್ನು ಕೋಣೆ ತುಂಬಾ ಚೆಲ್ಲುತ್ತದೆ, ಮನೆ ಮುಂದೆ ಚುಕ್ಕಿ ರಂಗೋಲಿ ಇಟ್ಟ ಹಾಗೆ. ಎದುರು ನೀವು ನಿಂತಾಗ ಚುಕ್ಕಿಗಳು ಜಾಗ ಬದಲಾಯಿಸುತ್ತವೆ. ಎಷ್ಟು ಸರಿದವು ಅಂತ ನೋಡಿ ಯಾವುದು ಹತ್ತಿರ, ಯಾವುದು ದೂರ ಅಂತ ತಿಳಿಯುತ್ತದೆ. ಆ ವಿದ್ಯೆ ಕೊಟ್ಟ ಪ್ರೈಮ್‌ಸೆನ್ಸ್ ಕಂಪನಿಯನ್ನು 2013ರಲ್ಲಿ ಆ್ಯಪಲ್ ಕೊಂಡುಕೊಂಡಿತು. ಐಫೋನ್ ಮುಖ ನೋಡಿ ಬಾಗಿಲು ತೆಗೆಯುವುದೂ ಇಂಥ ಚುಕ್ಕಿಗಳಿಂದಲೇ.

ಆದರೆ ಜಾಗ ಬೇಕು. ಒಬ್ಬರು ಆಡಲು ಸುಮಾರು 6 ಅಡಿ ಹಿಂದೆ ನಿಲ್ಲಬೇಕು, ಇಬ್ಬರಿಗೆ 8 ಅಡಿ. ಕೊಳ್ಳುವ ಮೊದಲು ಟೇಪು ಹಿಡಿದು ಅಳೆಯಿರಿ, ದಿವಾನ ಸರಿಸಿದ ಮೇಲಿನ ಅಳತೆಯಲ್ಲ, ದಿನಾ ಇರುವ ಹಾಗಿನ ಅಳತೆ. ಪ್ರತಿ ಸಲ ದಿವಾನ ಎತ್ತಿಡಬೇಕು ಅಂದರೆ ಮೂರನೇ ವಾರಕ್ಕೆ ಕ್ಯಾಮೆರಾ ಅಟ್ಟ ಸೇರುತ್ತದೆ.

ಬಟ್ಟೆಯದೂ ಒಂದು ಕಥೆ. ಕ್ಯಾಮೆರಾ ಮೈಯ ಆಕಾರ ನೋಡಿ ಕೈಕಾಲು ಗುರುತಿಸುತ್ತದೆ. ಅತ್ತೆ ಸೀರೆಯಲ್ಲಿ ನಿಂತರೆ ಎರಡು ಕಾಲು ಬೇರೆ ಬೇರೆ ಕಾಣದೆ ಪರದೆ ಮೇಲಿನ ಬೊಂಬೆ ಒಂಟಿಕಾಲಿನಲ್ಲಿ ತಪಸ್ಸಿಗೆ ನಿಂತಿತು. ಚಿಕ್ಕಪ್ಪನ ಪಂಚೆಗೂ ಅದೇ ಗತಿ. ಪಂಚೆ ಎತ್ತಿ ಕಟ್ಟಿದ ಮೇಲೆ ಸರಿಹೋಯಿತು. ನಗು ಬೇರೆ ಮಾತು, ಚೂಡಿದಾರ್, ಪ್ಯಾಂಟ್ ಹಾಕಿದವರನ್ನು ಮೊದಲು ನಿಲ್ಲಿಸಿ.

ನನ್ನ ತೀರ್ಮಾನ ಇಷ್ಟು. ಕ್ಯಾಮೆರಾ ಚೆನ್ನಾಗಿ ಒಪ್ಪುವುದು ಕುಣಿತಕ್ಕೆ ಮತ್ತು ವ್ಯಾಯಾಮಕ್ಕೆ, ಯಾಕೆಂದರೆ ಅಲ್ಲಿ ಮೈ ಅಲುಗುವುದೇ ಆಟ. ಡ್ಯಾನ್ಸ್ ಸೆಂಟ್ರಲ್ ಹಾಕಿದರೆ ಬಟನ್ ಯಾರಿಗೂ ನೆನಪಾಗುವುದಿಲ್ಲ. ಮೆನು ಆರಿಸಲು ಗಾಳಿಯಲ್ಲಿ ಕೈ ಎತ್ತಿ ಹಿಡಿದು ಕಾಯುವುದು, ಕಾರು ಓಡಿಸಲು ಇಲ್ಲದ ಸ್ಟೀರಿಂಗ್ ಹಿಡಿಯುವುದು ಮಾತ್ರ ಶಿಕ್ಷೆ. ಕೈಗೆ ಏನೂ ತಾಗದೆ ಇದ್ದರೆ ಎಷ್ಟು ತಿರುಗಿಸಿದೆವು ಅಂತ ನಮಗೇ ತಿಳಿಯುವುದಿಲ್ಲ. ಗೇಮ್‌ಗಳೂ ಜಾಸ್ತಿ ಬರಲಿಲ್ಲ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಕಿನೆಕ್ಟ್ ಸೇರಿಸಿ 499 ಡಾಲರ್‌ಗೆ ಇಟ್ಟರು, ಪಕ್ಕದಲ್ಲಿ ಪಿಎಸ್4 399ಕ್ಕೆ ಸಿಗುತ್ತಿತ್ತು. ಮರುವರ್ಷವೇ ಕಿನೆಕ್ಟ್ ತೆಗೆದು 399ಕ್ಕೆ ಇಳಿಸಿದರು, 2017ರಲ್ಲಿ ತಯಾರಿಯನ್ನೇ ನಿಲ್ಲಿಸಿದರು.

ಈಗ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ: ಹಳೇ ದಪ್ಪನೆ 360 ಆದರೆ ಕಿನೆಕ್ಟ್‌ಗೆ ಬೇರೆ ಪವರ್ ಅಡಾಪ್ಟರ್ ಬೇಕು, ಆಮೇಲೆ ಬಂದ ತೆಳ್ಳನೆಯದಕ್ಕೆ ನೇರ ಸಿಕ್ಕಿಸಬಹುದು. ನಾನು ಅಡಾಪ್ಟರ್ ಇಲ್ಲದ್ದನ್ನು ಚೌಕಾಸಿ ಮಾಡಿ ಖುಷಿಯಾಗಿ ತಂದೆ, ಎರಡು ತಿಂಗಳು ಅದು ಷೋಕೇಸಿನಲ್ಲಿ ಗೊಂಬೆಯಾಗಿ ಕೂತಿತ್ತು. ಎಕ್ಸ್‌ಬಾಕ್ಸ್ ಸೀರೀಸ್‌ನಲ್ಲಿ ಕಿನೆಕ್ಟ್ ನಡೆಯುವುದೇ ಇಲ್ಲ.

ವ್ಯಾಯಾಮವೇ ಬೇಕು ಅನ್ನುವವರು ಸ್ವಿಚ್‌ನ ರಿಂಗ್ ಫಿಟ್ ಅಡ್ವೆಂಚರ್ ನೋಡಿ. ಅದಕ್ಕೆ ಕ್ಯಾಮೆರಾ ಬೇಡ. ಒಂದು ಬಳೆಯಂಥ ಉಂಗುರ ಹಿಸುಕಬೇಕು, ತೊಡೆಗೆ ಕಟ್ಟಿದ ಇನ್ನೊಂದು ತುಂಡು ನೀವು ಓಡಿದ್ದನ್ನು ನೋಡುತ್ತದೆ. ಮಹಡಿ ಮೇಲೆ ಬಾಡಿಗೆಗಿದ್ದು ಕೆಳಗೆ ಓನರ್ ಇದ್ದರೆ ಕ್ವಯಟ್ ಮೋಡ್ ಹಾಕಿ, ಧಡಧಡ ಓಡುವ ಬದಲು ಮಂಡಿ ಬಗ್ಗಿಸಿದರೆ ಸಾಕು.

ಕೈ ನೋವು, ಭುಜದ ನೋವು ಇರುವವರು ಮನೆಯಲ್ಲಿದ್ದರೆ ಗೇಮ್ ಕೊಳ್ಳುವ ಮೊದಲು ಬಟನ್ ಆಯ್ಕೆ ಇದೆಯಾ ನೋಡಿ. ಸ್ಕೈವರ್ಡ್ ಸ್ವೋರ್ಡ್ 2021ರಲ್ಲಿ ಸ್ವಿಚ್‌ಗೆ ಮರಳಿ ಬಂದಾಗ ಕೈ ಬೀಸದೆ ಬಲಗಡೆ ಸ್ಟಿಕ್ ತಳ್ಳಿಯೂ ಕತ್ತಿ ಬೀಸುವ ಹಾಗೆ ಮಾಡಿದ್ದಾರೆ. ನಾನು ಎರಡೂ ಆಡಿದೆ. ಬೀಸಿದರೆ ಜಾಸ್ತಿ ಮಜಾ, ಆದರೆ ರಾತ್ರಿ ಊಟ ಆದ ಮೇಲೆ ಸ್ಟಿಕ್ಕೇ.

ವೀ ಮತ್ತೆ ಅಟ್ಟ ಹತ್ತುವ ಮೊದಲು ರಿಮೋಟ್‌ನಿಂದ ಬ್ಯಾಟರಿ ತೆಗೆದಿಡಿ. ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಮುಂದಿನ ದಸರಾಗೆ ಅಜ್ಜಿ ಬೌಲಿಂಗ್ ಕೇಳಿದಾಗ ನೀವೇ ಉತ್ತರ ಹೇಳಬೇಕು.